ಗರಸು ಹತ್ತುವ ತನಕ

ಆ ವರ್ಷ ಮಂಗಳೂರಿನ ಬಸ್ಸು ಹತ್ತಬಾರದೆಂದು ಮಾಡಿದ್ದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಾವನ ಹಿಂದೆ ಹೋದವನು ನಾನು. ಕರಾವಳಿಯಲ್ಲಿ ಕೆಂಪುಕಲ್ಲಿನ ಗೋಡೆ ಕಟ್ಟುತ್ತಲೇ ಮೇಸ್ತ್ರಿಯಾದೆ. ನನ್ನ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದವರು ಯಾರೂ ತಪ್ಪು ತೆಗೆದಿಲ್ಲ. ಆದರೆ ವರ್ಷವರ್ಷವೂ ನನ್ನ ಜೊತೆ ಗುಳೆ ಬಂದು ಹೆಂಡತಿಗೂ ಮಗಳಿಗೂ ಸಾಕಾಗಿತ್ತು. ಮಗಳಿಗೆ ದೀಪಾವಳಿ ತನಕ ಊರ ಶಾಲೆ, ಆಮೇಲೆ ಮಂಗಳೂರಿನದು. ಮುದ್ದೇಬಿಹಾಳದ ಹತ್ತಿರದ ನಮ್ಮ ಊರಿನಲ್ಲೇ ಮನೆ ಕಟ್ಟಿಕೊಂಡು ಉಳಿಯೋಣವೆಂದೆವು. ಪಕ್ಕದ ಜಾಗದ ಮಾಸ್ತರು, "ಮೊದಲ ನಿನ್ನ ಮನಿ ಮುಗಸಪಾ. ಆಮ್ಯಾಲೆ ನಂದೂ ನೀನ ಕಟ್ಟು," ಅಂದಿದ್ದರು. ಒಂದು ಮನೆ ನೋಡಿ ಇನ್ನೊಂದು ಸಿಗುತ್ತದೆ. ಊರಲ್ಲಿ ಮೇಸ್ತ್ರಿ ಬದುಕುವುದು ಹಾಗೆ.

ಬೇಸಿಗೆಯಲ್ಲಿ ಪಾಯ ತೋಡಿದೆ. ಎರಡು ಮೊಳ. ಕರಾವಳಿಯಲ್ಲಿ ಅಷ್ಟಕ್ಕೇ ಗಟ್ಟಿ ನೆಲ ಸಿಗುತ್ತದೆ. ಕೈಗೆ ಅದೇ ಅಳತೆ ಕೂತುಬಿಟ್ಟಿತ್ತು. ನಾಲ್ಕೂ ಗೋಡೆ ಎಬ್ಬಿಸಿದೆ. ಮಳೆ ಬಿತ್ತು, ಎರೆಮಣ್ಣು ಉಬ್ಬಿತು. ಪಡುವಣ ಗೋಡೆ ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರಿಯಿತು.

ಓಣಿಯ ಕಾಕಾ ಬಿರುಕಿನಲ್ಲಿ ಬೆರಳಿಟ್ಟು ನೋಡಿದರು.

"ಏನೋ ಮಂಗಳೂರು ಮೇಸ್ತ್ರಿ, ನಿನ್ನ ಗ್ವಾಡಿ ಹಲ್ಲ ಕಿಸಿಯಾಕತ್ತೈತಲ್ಲೋ! ಗರಸು ಹತ್ತೂತನಕ ಅಗದಿದ್ದೇನು?"

ಕರಿ ಮಣ್ಣಿನ ಕೆಳಗಿನ ಗಟ್ಟಿ ನೆಲಕ್ಕೆ ನಮ್ಮ ಕಡೆ ಗರಸು ಅನ್ನುತ್ತಾರೆ.

"ಎರಡು ಮೊಳ ಸಾಕಂತ ತಿಳದಿದ್ದೆ, ಕಾಕಾ."

"ಎರಿ ಮಣ್ಣಪಾ ಇದು. ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ. ಈ ಊರಾಗ ದನಾ ಕಾಯೂರಿಗೂ ಗೊತ್ತೈತಿ."

ನಾನು ಕೆರಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಹಳೆಯ ಮನೆಗೆ ಬಂದು, ಮಂಗಳೂರಿಗೆ ಹೊರಡಲು ಅಟ್ಟದ ಮೇಲಿನ ಚೀಲ ಕೆಳಗಿಳಿಸಿದೆ. ಜನ ಊರು ಬಿಡುವುದಕ್ಕೆ ಹೊಟ್ಟೆಯೊಂದೇ ಕಾರಣವಲ್ಲ ಎಂಬುದು ಅವತ್ತು ನನ್ನ ಮಟ್ಟಿಗೆ ಖಾತ್ರಿಯಾಯಿತು. ದೂರದೂರಿನಲ್ಲಿ ನಮ್ಮ ಕೈಕೆಲಸ ಚಲೋ ಇದ್ದರೆ ಮುಗಿಯಿತು. ಊರಲ್ಲಿ ಒಂದು ತಪ್ಪು ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಅದನ್ನೇ ಹೇಳುತ್ತಾರೆ.

ಹೆಂಡತಿ ಚೀಲ ನೋಡಿದಳು. ಗುದ್ದಲಿ ತಂದು ಅದರ ಪಕ್ಕ ಇಟ್ಟಳು.

"ಹೋಗೂದಾದ್ರ ಇದನ್ನ ಕೆಡವಿ ಹೋಗ್ರಿ. ಮಂದಿ ದಿನಾ ನೋಡಿ ನಗೂದ ನನ್ನ ಕೈಲೆ ತಡಿಯಾಕಾಗೂದಿಲ್ಲ."

ಒಂದಲ್ಲ, ನಾಲ್ಕೂ ಗೋಡೆ ಕೆಡವಿದೆ, ಹಾಡಹಗಲು, ಎಲ್ಲರ ಎದುರಿಗೆ. ಆದರೆ ಹೋಗಲಿಲ್ಲ. ಮಳೆ ಹೊಳವಾದಾಗೆಲ್ಲ ಇಬ್ಬರೂ ಅದೇ ಪಾಯವನ್ನು ಇನ್ನೂ ಆಳಕ್ಕೆ ಅಗೆದೆವು. ಎದೆಮಟ್ಟ ಇಳಿದಾಗ ಗುದ್ದಲಿ ಗರಸಿಗೆ ಬಡಿದು ಹಿಂದಕ್ಕೆ ಹಾರಿತು. ದೀಪಾವಳಿಯ ಹೊತ್ತಿಗೆ ಗೋಡೆಗಳು ಮತ್ತೆ ನಿಂತವು. ಮಾಸ್ತರು ಬಂದು ಸುತ್ತು ಹಾಕಿದರು.

"ಚಲೋ ಆಗೇತಿ. ಆದ್ರ ಒಂದ ಮಳಿಗಾಲ ಹೋಗ್ಲಿ ತಡಿಯಪಾ."

ನ್ಯಾಯವಾದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಆದರೆ ಅಲ್ಲಿಯ ತನಕ ಊರಲ್ಲಿ ನನಗೆ ಕೆಲಸವಿಲ್ಲ.

"ಈ ಸಲ ನೀವ ಒಬ್ಬರ ಹೋಗ್ರಿ," ಅಂದಳು ಹೆಂಡತಿ. "ಮಗಳ ಸಾಲಿ ಬಿಡಸೂದಿಲ್ಲ. ಗ್ವಾಡಿ ನಾ ನೋಡ್ಕೋತೇನಿ."

ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಸಿಂದಗಿ ಕಡೆಯ ಗಂಡ ಹೆಂಡತಿ, ಮೊದಲ ಸಲ ಹೊರಟವರು. ಯಾಕೆ ಹೊರಟಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮಳೆಯಿಲ್ಲ ಅನ್ನುತ್ತಿದ್ದರೇನೋ. ಕರಾವಳಿಯಲ್ಲಿ ಕೇಳಿದವರಿಗೆ ನಾನೂ ಅದನ್ನೇ ಹೇಳುತ್ತೇನೆ.