ನಿಮ್ದೇ ಅದ, ಒಯ್ರಿ

ಹೊಗಳೋ ಬಾಯಿ ಕಂಡ್ರ ನನಗ ಇವತ್ತಿಗೂ ಮೈ ಉರೀತದ. ನಿಜಾಮರ ರಾಜ್ಯದಾಗ ನಮ್ಮ ಬೀದರ ಮಂದಿಗಿ ಅದರ ಚಟ ಭಾಳ ಇತ್ತು. ಮನಿಗಿ ಬಂದವರು ಯಾವುದರೆ ಸಾಮಾನು ನೋಡಿ 'ವಾಹ್ವಾ, ಏನ್ ಚಂದ ಅದರಿ!' ಅನ್ನಬೇಕು. ಮನಿಯವರು 'ನಿಮ್ದೇ ಅದ, ಒಯ್ರಿ' ಅನ್ನಬೇಕು. ಬಂದವರು ಕೈ ಮುಗದು, 'ನಿಮ್ಮ ಮನ್ಯಾಗಿದ್ರ ನಮ್ಮ ಮನ್ಯಾಗಿದ್ದಂಗೇ' ಅಂತ ಅಲ್ಲೇ ಬಿಡಬೇಕು. ಕೊಡೋರೂ ಇಲ್ಲ, ಒಯ್ಯೋರೂ ಇಲ್ಲ. ಬರೇ ಬಾಯಿ ಉಪಚಾರ.

ನನ್ನ ಗಂಡ ಇದರಾಗ ಉಸ್ತಾದ. ಅರಿವಿ ಅಂಗಡಿ ಇಟ್ಟಿದ್ದ, ಬಾಯಾಗ ಸಕ್ಕರಿ ಇಟ್ಕೊಂಡೇ ಮಾತಾಡ್ತಿದ್ದ. ಒಂದಿನ ಕಚೇರಿ ಕಾರಕೂನನ್ನ ಊಟಕ್ಕ ಕರಕೊಂಡು ಬಂದ. ಊಟ ಆದಮ್ಯಾಗ ಎಲಿ ಅಡಿಕಿ ಹಾಕಿ ನಾ ನಮ್ಮವ್ವನ ಬಿದರಿ ಡಬ್ಬಿ ತಂದಿಟ್ಟೆ. ಕರೀ ಡಬ್ಬಿ, ಮ್ಯಾಲ ಬೆಳ್ಳಿ ಬಳ್ಳಿ. ಮುಚ್ಚಳದ ಅಂಚಿಗಿ ಒಂದು ಬೆಳ್ಳಿ ಎಲಿ ಉದುರಿ ಹೋಗಿತ್ತು. ನಮ್ಮವ್ವ ಸಾಯೋ ಮುಂದ ನನ್ನ ಉಡ್ಯಾಗ ಹಾಕಿದ್ದು ಅದೊಂದೇ.

'ಏನ್ ಕೆಲಸರೀ ಸಾವ್ಕಾರ್ರೆ! ಬಾದಷಾನ ಮನ್ಯಾಗೂ ಇಂಥಾದು ಇರಲಿಕ್ಕಿಲ್ಲ,' ಅಂದ ಕಾರಕೂನ.

'ನಿಮ್ದೇ ಅದ, ಒಯ್ರಿ,' ಅಂದ ನನ್ನ ಗಂಡ.

ಆ ಹಾಳಾದಂವ ಒಯ್ದೇ ಬಿಟ್ಟ! ಎಲಿ ಅಡಿಕಿ ಸಮೇತ ಧೋತ್ರದ ಚುಂಗಿನಾಗ ಸುತ್ತಿಕೊಂಡು, ನಗತಾ ಮೆಟ್ಲ ಇಳದು ಹೋದ. ನನ್ನ ಗಂಡ ಬಾಗಲತನಕ ಹೋಗಿ ಕಳಿಸಿ ಬಂದು, 'ಬಾಯಿಲೆ ಅಂದದ್ದು ತಿರಗಿ ಕೇಳೋದು ಹ್ಯಾಂಗ? ಮರ್ಯಾದಿ ಅದನೋ ಇಲ್ಲೋ?' ಅಂದ. ಮರ್ಯಾದಿ ಅವಂದು, ಡಬ್ಬಿ ನಮ್ಮವ್ವಂದು. ಇದೇ ಮಾತಿನಾಗೇ ಇಬ್ಬರನ್ನೂ ಕೆಡವ್ತೀನಿ ಅಂತ ಅವತ್ತೇ ಹಲ್ಲು ಕಚ್ಚಿದೆ.

ಮುಂದ ಕಾರಕೂನಗ ಭಾಲ್ಕಿಗಿ ಬದಲಿ ಆಯ್ತು. ಮೊಮ್ಮಗನ ತೊಟ್ಟಿಲಿಗಿ ಬಾಯಿಮಾತಿಗಿ ನಮ್ಮನ್ನೂ ಕರದ, ಬರಾಂಗಿಲ್ಲ ಅಂತ ತಿಳದಿದ್ದ. ಗಂಡ ಬ್ಯಾಡ ಅಂದ್ರೂ ನಾ ಬಂಡಿ ಹೂಡಿಸಿ, ಅವನನ್ನೂ ಹತ್ತಿಸ್ಕೊಂಡು ಹೊಂಟೆ. ಹೋದ್ರ, ಔರಾದದ ಬೀಗರು ಪಡಸಾಲಿ ತುಂಬಾ ಕುಂತಾರ. ನಟ್ಟ ನಡುವ ನಮ್ಮವ್ವನ ಡಬ್ಬಿ! ಉದುರಿದ ಎಲಿ ಜಾಗಾ ದೂರಿಂದೇ ಕಂಡಿತು. 'ನಮ್ಮ ಅಜ್ಜನ ಕಾಲದ್ದರಿ' ಅಂತ ಬೀಗರಿಗಿ ಹೇಳ್ಲಿಕತ್ತಿದ್ದ, ಕಳ್ಳ.

ನಾ ಸೆರಗು ಸರಿ ಮಾಡ್ಕೊಂಡು ಎದ್ದು ನಿಂತೆ. 'ಸಾಹೇಬ್ರಂಥಾ ದೊಡ್ಡ ಮನಸು ಬೀದರದಾಗಿಲ್ಲ, ಭಾಲ್ಕ್ಯಾಗಿಲ್ಲ. ಯಾರಿಗೂ ಒಂದಿನಾ ಇಲ್ಲ ಅಂದವರಲ್ಲರಿ,' ಅಂದೆ. ಬೀಗರು ತಲಿ ಆಡಿಸಿದ್ರು, ಅವನೂ ಉಬ್ಬಿದ. ಆಗ ಡಬ್ಬಿ ಕಡಿ ತಿರಗಿ, 'ಅಯ್ಯ ನಮ್ಮವ್ವಾ, ಏನ್ ಚಂದ ಅದರಿ ಇದು!' ಅಂದೆ.

ಅವನ ಮುಖ ಕಪ್ಪಿಟ್ಟಿತು. ಬೀಗರೆಲ್ಲಾ ಅವನ ಬಾಯೇ ನೋಡ್ಲಿಕತ್ತಿದ್ರು.

'ನಿಮ್ದೇ... ಅದ... ಒಯ್ರಿ,' ಅಂದ.

ಒಯ್ದೆ! ಎಲಿ ಅಡಿಕಿ ಅಲ್ಲೇ ಚಾಪಿ ಮ್ಯಾಲ ಸುರುವಿ, ಡಬ್ಬಿ ಉಡ್ಯಾಗ ಹಾಕ್ಕೊಂಡೆ. ಹೊಟ್ಟಿ ತಣ್ಣಗಾಯ್ತು ನೋಡ್ರಿ.

ಬೀಗರು ನೋಡ್ತಾರಂತ ಅವ ನಗತಾನೇ ಬಂಡಿತನಕ ಕಳಸಲಿಕ್ಕಿ ಬಂದ. ನಾ ಮೊದಲೇ ಹತ್ತಿ ಕುಂತಿದ್ದೆ. ನನ್ನ ಗಂಡ ಇನ್ನೂ ಕೆಳಗ ನಿಂತು ಕೈ ಮುಗೀಲಿಕತ್ತಿದ್ದ. ಏನರೆ ಅನ್ನಬೇಕಲ್ಲ, 'ನಿಮ್ಮ ಯಜಮಾನ್ರು ಬಂಗಾರದಂಥಾ ಮನಷ್ಯಾರಿ,' ಅಂದ ಕಾರಕೂನ.

'ನಿಮ್ಮವರೇ ಅದಾರ, ಇಟ್ಕೋರಿ,' ಅಂದು ಬಂಡಿ ಹೊಡಿಸಿದೆ.

ಗಂಡ ಧೋತ್ರ ಎತ್ತಿ ಹಿಂದಿಂದೇ ಓಡಿ ಬಂದು, ಹಳ್ಳದ ಹತ್ರ ಹತ್ತಿದ. ಡಬ್ಬಿ ಅವನ ಮೂಗಿನ ಮುಂದ ಹಿಡದು, 'ಹ್ಯಾಂಗದ ಹೇಳ್ರಿ?' ಅಂದೆ. ಹೊಗಳೋ ಬಾಯಿ ಎರಡೂ ಕೈಲೆ ಮುಚ್ಕೊಂಡಂವ, ಬೀದರ ಬಂದಮ್ಯಾಗೇ ಕೈ ತೆಗದ.