ಬಾರದೋ, ಬಹುದೋ

ನಗರಸಭೆಯಲ್ಲಿ ಅವಳನ್ನು ಎಲ್ಲರೂ ಲಿಪಿಯಕ್ಕ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಶೀಘ್ರಲಿಪಿಗಾರ್ತಿಯಾಗಿದ್ದು, ಸದಸ್ಯರ ಬಾಯಿಂದ ಉದುರಿದ ಮಾತನ್ನೆಲ್ಲ ನೆಲ ಮುಟ್ಟುವ ಮೊದಲೇ ಹಿಡಿದು ಪುಸ್ತಕಕ್ಕೆ ಹಾಕಿದವಳು. ನಿಮಿಷಕ್ಕೆ ನೂರಿಪ್ಪತ್ತು ಪದ ಅವಳ ಮಾಮೂಲಿ ನಡಿಗೆ. ಯಾರಾದರೂ ರೇಗಿದರೆ ನೂರೈವತ್ತರ ಓಟ. ಎಷ್ಟೋ ಸದಸ್ಯರು ಸಭೆ ಮುಗಿದ ಮೇಲೆ ಅವಳ ಮೇಜಿನ ಹತ್ತಿರ ಬಂದು, "ಅಕ್ಕಾ, ನಾನೀಗ ಏನಂದೆ?" ಎಂದು ಕೇಳಿಕೊಂಡು ಹೋದದ್ದುಂಟು.

ಹೋದ ವರ್ಷ ಯಂತ್ರ ಬಂತು. ಮಾತು ಕೇಳಿ ತಾನೇ ಬರೆಯುತ್ತದೆ ಎಂದರು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು, ಟೀವಿಯವರು ಬಂದು ಅದರ ಸಂದರ್ಶನವನ್ನೂ ಮಾಡಿದರು. ಲಿಪಿಯಕ್ಕನನ್ನು ಜನನ ನೋಂದಣಿ ಕೌಂಟರಿಗೆ ಹಾಕಿದರು. ಅಲ್ಲಿ ಅಪ್ಪ ಅಮ್ಮಂದಿರು ಫೋನ್ ನೋಡಿಕೊಂಡು ತಮ್ಮ ಮಗುವಿನ ಹೆಸರಿನ ಕಾಗುಣಿತ ಹೇಳುತ್ತಿದ್ದರು. ಆದರೆ ಯಂತ್ರ ಎಷ್ಟೇ ಜಾಣ ಆದರೂ ಅದರ ಗುಂಡಿ ಒತ್ತಲು ಒಂದು ಬೆರಳು ಬೇಕಿತ್ತು. ಹಾಗಾಗಿ ಸಭೆಯ ದಿನ ಕಾರ್ಯದರ್ಶಿ ಅವಳನ್ನೇ ಕರೆಸುತ್ತಿದ್ದರು. ಗುಂಡಿ ಒತ್ತಿ ಮೂರು ಗಂಟೆ ಸುಮ್ಮನೆ ಕೂರುವುದು ಅವಳಿಂದ ಆಗುವ ಕೆಲಸವಲ್ಲ. ಕೈ ತುರಿಸುತ್ತಿತ್ತು. ತನ್ನದೇ ನೋಟ್‌ಪುಸ್ತಕ ತೆಗೆದು ತಾರೀಖು ಹಾಕಿ ಬರೆಯುತ್ತಾ ಕೂತಳು, ಒಂದು ಸಭೆಯನ್ನೂ ಬಿಡಲಿಲ್ಲ.

ಗ್ರಂಥಾಲಯದ ವಿಷಯ ಬಂದದ್ದು ಅಂಥ ಒಂದು ಸಭೆಯಲ್ಲೇ. ಹಳೆಯ ಗ್ರಂಥಾಲಯ ಕೆಡವಿ ಆ ಜಾಗದಲ್ಲಿ 'ಡಿಜಿಟಲ್ ಕೇಂದ್ರ' ಕಟ್ಟಬೇಕೆಂದು ಒಂದು ಕಂಪನಿ ಅರ್ಜಿ ಹಾಕಿತ್ತು. ಅಧ್ಯಕ್ಷರು ಎದ್ದು ಮಾತಾಡಿದರು, ವಿರೋಧ ಪಕ್ಷದವರೂ ಮಾತಾಡಿದರು, ಸಭೆ ಮುಗಿಯಿತು, ಎಲ್ಲರೂ ಮನೆಗೆ ಹೋದರು. ನಾಲ್ಕು ದಿನ ಬಿಟ್ಟು ಯಂತ್ರ ಬರೆದ ನಡವಳಿ ಹೊರಬಿತ್ತು: "ಗ್ರಂಥಾಲಯವನ್ನು ಯಾರೂ ಮುಟ್ಟಬಹುದು."

ಯಾರೂ ಮುಟ್ಟಬಹುದು ಎನ್ನುವುದು ಯಾವ ಸೀಮೆಯ ಕನ್ನಡ ಎಂದು ಯಾರೂ ಕೇಳಲಿಲ್ಲ. ನಡವಳಿಗೆ ಸೀಲು ಬಿತ್ತು, ಸೀಲು ಬಿದ್ದದ್ದರಿಂದ ಆದೇಶ ಹೊರಟಿತು, ಆದೇಶ ಹೊರಟದ್ದರಿಂದ ಗ್ರಂಥಾಲಯದ ಬಾಗಿಲಿಗೆ ಕೆಡವುವ ನೋಟಿಸು ಅಂಟಿತು. ಊರು ಎದ್ದು ಕೂತಿತು.

ಅಧ್ಯಕ್ಷರು ಅಂದು ಹೇಳಿದ್ದು ಮುಟ್ಟಬಾರದು ಎಂದೇ. ಆದರೆ ನಡುವೆ ಕಂಪನಿಯವರು ಬಂದು ಬಣ್ಣಬಣ್ಣದ ಚಿತ್ರ ತೋರಿಸಿ ಹೋಗಿದ್ದರು. ಚಿತ್ರದಲ್ಲಿ ಹೊಸ ಕಟ್ಟಡದ ನೆತ್ತಿಯ ಮೇಲೆ ಅಧ್ಯಕ್ಷರ ಹೆಸರೇ ಮಿನುಗುತ್ತಿತ್ತು. "ದಾಖಲೆಯಲ್ಲಿ ಇರೋದೇ ನನ್ನ ಮಾತು" ಎಂದುಬಿಟ್ಟರು. ವಿರೋಧ ಪಕ್ಷದ ನಾಯಕರು ಪುಸ್ತಕದ ರಾಶಿ ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡರು. ಮೇಲಿನ ಪುಸ್ತಕ ತಲೆಕೆಳಗಾಗಿತ್ತು.

ಟೀವಿಗೆ ಹಬ್ಬವೋ ಹಬ್ಬ. ಯಾರೋ ಫೋನಿನಲ್ಲಿ ಹಿಡಿದಿದ್ದ ಸಭೆಯ ವಿಡಿಯೋ ತುಣುಕಿನಲ್ಲಿ ಸರಿಯಾಗಿ ಆ ಪದದ ಹೊತ್ತಿಗೇ ಯಾರೋ ಕೆಮ್ಮಿದ್ದರು. 'ಮುಟ್ಟಬಾ' ಅಥವಾ 'ಮುಟ್ಟಬ' ಕೇಳುತ್ತಿತ್ತು, ಆಮೇಲೆ ಕೆಮ್ಮು, ಆಮೇಲೆ 'ದು'. ಆ ಎರಡು ಕ್ಷಣವನ್ನು ನಿಧಾನಗತಿಯಲ್ಲಿ ಓಡಿಸಿ, ಅಧ್ಯಕ್ಷರ ತುಟಿಗೆ ಕೆಂಪು ವೃತ್ತ ಹಾಕಿ, ದಿನವಿಡೀ ತೋರಿಸಿದರು. 'ಬಾರದೋ? ಬಹುದೋ?' ಎಂದು ಪರದೆಯ ಕೆಳಗೆ ಪಟ್ಟಿ ಓಡಿತು. ಹಲ್ಲಿನ ಡಾಕ್ಟರೊಬ್ಬರನ್ನು ಕೂರಿಸಿ ನಾಲಿಗೆ ಎಲ್ಲಿ ತಾಗಿದೆ ಎಂದು ಕೇಳಿದರು.

ಲಿಪಿಯಕ್ಕನ ಮನೆಯೂ ಒಡೆಯಿತು. ಗಂಡ ಸಿಟಿ ಬಸ್ಸಿನ ಡ್ರೈವರು, ಬಾರದು ಪಕ್ಷ. ನಾದಿನಿ ಫೋನ್ ಅಂಗಡಿಯವಳು, ಬಹುದು ಪಕ್ಷ. ಅಣ್ಣ ತಂಗಿ ಒಂದೇ ಸೋಫಾದಲ್ಲಿ ಕೂತು ಒಬ್ಬರಿಗೊಬ್ಬರು ವಿಡಿಯೋ ಕಳಿಸಿಕೊಳ್ಳುತ್ತಿದ್ದರು. ಇಷ್ಟಾದರೂ ಇಬ್ಬರಿಗೂ ಸಭೆಯಲ್ಲಿ ಕೂತಿದ್ದವಳನ್ನು ಕೇಳಬೇಕೆಂದು ಹೊಳೆಯಲಿಲ್ಲ.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ಅವರು ಬಾರದು ಅಂದಿದ್ದು. ನಾನು ಪಕ್ಕದಲ್ಲೇ ಕೂತು ಬರೆದಿದ್ದೀನಿ."

ಗಂಡ ಟೀವಿಯ ಸದ್ದು ತಗ್ಗಿಸಿದ. ನಾದಿನಿ ಫೋನು ಮಗುಚಿ ಇಟ್ಟಳು. ಆ ಮನೆಯಲ್ಲಿ ಎರಡೂ ಒಟ್ಟಿಗೆ ನಡೆದದ್ದು ಅದೇ ಮೊದಲು.

"ಬರೆದಿದ್ದೀಯಾ? ಎಲ್ಲಿ?"

ನೋಟ್‌ಪುಸ್ತಕ ತೋರಿಸಿದಳು. ಇಬ್ಬರೂ ಬಗ್ಗಿ ನೋಡಿದರು. ಸೊಳ್ಳೆ ಶಾಯಿಯಲ್ಲಿ ಮಿಂದು ನಡೆದಾಡಿದ ಹಾಗಿತ್ತು.

"ಅತ್ತಿಗೆ, ಇದನ್ನ ಯಾರು ನಂಬ್ತಾರೆ?" ಎಂದಳು ನಾದಿನಿ. ತನ್ನ ಪಕ್ಷಕ್ಕೆ ಪೆಟ್ಟು ಬಿದ್ದರೂ ಅವಳ ಕಣ್ಣು ಮಿಂಚುತ್ತಿತ್ತು. "ಆದ್ರೂ ಹೇಳಲೇಬೇಕು."

ಮರುದಿನ ಕಾರ್ಯದರ್ಶಿಗೆ ಹೇಳಿದಳು. ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಅಮ್ಮಾ, ನಿಮ್ಮ ಕೆಲಸ ಗುಂಡಿ ಒತ್ತೋದು. ಪೆನ್ಸಿಲ್ ಹಿಡಿಯೋದಕ್ಕೆ ಆದೇಶ ಇಲ್ಲ."

ಆ ವಾರವೇ ವಿಶೇಷ ಸಭೆ. ಬೆಳಗ್ಗೆ ಹನ್ನೊಂದಕ್ಕೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲ್ಕು ಚಾನೆಲ್ಲಿನ ಕ್ಯಾಮೆರಾಗಳು ನೇರ ಪ್ರಸಾರಕ್ಕೆ ನಿಂತಿದ್ದವು. ಲಿಪಿಯಕ್ಕ ಗುಂಡಿ ಒತ್ತಿದಳು. ಅರ್ಧ ಗಂಟೆ ಬರೀ ಕೂಗಾಟ. ಮೇಲೆ ಪರದೆಯಲ್ಲಿ ಯಂತ್ರ ಬರೆಯುತ್ತಲೇ ಇತ್ತು. 'ಕುಳಿತುಕೊಳ್ಳಿ' ಎಂದರೆ 'ಕುಡಿದುಕೊಳ್ಳಿ' ಎಂದು ಮೂಡಿತು. ಹಿಂದಿನ ಸಾಲಿನವರು ಕಿಸಕ್ಕೆಂದರು.

ಲಿಪಿಯಕ್ಕ ನೋಟ್‌ಪುಸ್ತಕ ಹಿಡಿದು ಎದ್ದು ನಿಂತಳು.

"ಸಾರ್, ಆವತ್ತಿನದು ಪೂರ್ತಿ ನನ್ನ ಹತ್ತಿರ ಬರೆದದ್ದಿದೆ."

ನಾಲ್ಕೂ ಕ್ಯಾಮೆರಾ ಒಟ್ಟಿಗೆ ಅವಳ ಕಡೆ ತಿರುಗಿದವು. ಕಾರ್ಯದರ್ಶಿ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವರಂತೆ ಹುಡುಕತೊಡಗಿದರು.

ಅಧ್ಯಕ್ಷರು ನಕ್ಕರು. "ಈ ಗೀಚು ನಿಮಗೊಬ್ಬರಿಗೇ ಓದೋಕೆ ಬರೋದು. ನಿಮಗೆ ತೋಚಿದ್ದು ಓದಿದರೆ?"

"ಪರೀಕ್ಷೆ ಮಾಡೋಣ" ಎಂದು ವಿರೋಧ ಪಕ್ಷದ ನಾಯಕರು ಹಾರಿ ಬಂದರು. "ನಾನು ಎರಡು ನಿಮಿಷ ಮಾತಾಡ್ತೀನಿ. ಬರೆದು ತೋರಿಸಿ."

ಅವರು ಮಾತಾಡಿದ್ದು ಮಾತಲ್ಲ, ಜಡಿಮಳೆ. ಲಿಪಿಯಕ್ಕನ ಪೆನ್ಸಿಲ್ ಹಾಳೆಯ ಮೇಲೆ ಸರಸರನೆ ಓಡಿತು. ವರ್ಷದ ಮೇಲೆ ಮೊದಲ ಸಲ ಯಾರೋ ತನಗಾಗಿಯೇ ಮಾತಾಡುತ್ತಿದ್ದರು. ಮುಗಿದೊಡನೆ ಎದ್ದು ಓದಿದಳು. ಒಂದು ಪದ ತಪ್ಪಲಿಲ್ಲ. ಅವರು ಹನ್ನೊಂದು ಸಲ 'ಅಂದ್ರೆ' ಎಂದದ್ದೂ ಬಂತು. ನಡುವೆ ಪಕ್ಕದವರತ್ತ ಬಾಗಿ "ಕ್ಯಾಮೆರಾ ನನ್ನ ಮೇಲೇ ಇದೆ ತಾನೆ?" ಎಂದು ಪಿಸುಗುಟ್ಟಿದ್ದೂ ಬಂತು. ಸಭಾಂಗಣ ನಗುವಿನಲ್ಲಿ ಅಲ್ಲಾಡಿತು.

ಅಧ್ಯಕ್ಷರು ಮಾತ್ರ ಬಗ್ಗಲಿಲ್ಲ. "ಇವತ್ತಿನದು ಸರಿ. ಆವತ್ತಿನ ಪುಟವನ್ನು ಬೇರೆ ಯಾರಾದರೂ ಓದಲಿ. ಆಗ ಒಪ್ತೀನಿ." ಊರಲ್ಲಿ ಇನ್ನೊಬ್ಬರು ಎಲ್ಲಿದ್ದಾರು ಎಂಬ ಧೈರ್ಯ ಅವರದು.

ಇನ್ನೊಬ್ಬರು ಎರಡು ಬೀದಿಯಾಚೆ ಟೀವಿ ನೋಡುತ್ತಾ ಕೂತಿದ್ದರು. ಲಿಪಿಯಕ್ಕನಿಗೆ ಈ ವಿದ್ಯೆ ಕಲಿಸಿದ ಟೈಪಿಂಗ್ ಶಾಲೆಯ ಮೇಡಂ, ಈಗ ಎಪ್ಪತ್ತೆಂಟು. ಟೀವಿಯನ್ನು ಹಾಗೇ ಬಿಟ್ಟು, ಮನೆಯೊಳಗಿನ ಚಪ್ಪಲಿಯಲ್ಲೇ ಹೊರಟರು. ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ತಡೆದ.

"ಪಾಸ್ ಎಲ್ಲಮ್ಮಾ?"

"ಒಳಗೆ ನನ್ನನ್ನೇ ಹುಡುಕ್ತಿದ್ದಾರೆ ಕಣಪ್ಪ. ನಿನ್ನ ಫೋನಲ್ಲೇ ನೋಡು."

ಅವನು ನೋಡಿದ, ದಾರಿ ಬಿಟ್ಟ.

ಮೇಡಂ ನಡುದಾರಿಯಲ್ಲಿ ನಡೆದು ಬರುವುದನ್ನು ಕಂಡು ಲಿಪಿಯಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಎರಡೇ ಬೀದಿ ದೂರವಿದ್ದರೂ ಇಪ್ಪತ್ತು ವರ್ಷದಿಂದ ಇಬ್ಬರೂ ಭೇಟಿಯಾಗಿರಲಿಲ್ಲ. ಮೇಡಂ ಅವಳ ಕಡೆ ನೋಡಲೂ ಇಲ್ಲ. ಪುಸ್ತಕ ಇಸಿದುಕೊಂಡು, ತಾರೀಖಿನ ಪುಟ ತೆರೆದು, ಕನ್ನಡಕ ಮೂಗಿನ ತುದಿಗೆ ತಂದು, ಪಾಠ ಒಪ್ಪಿಸುವ ದನಿಯಲ್ಲಿ ಓದಿದರು.

"ಅಧ್ಯಕ್ಷರು: ನಾನು ಈ ಕುರ್ಚಿಯಲ್ಲಿ ಇರೋವರೆಗೂ ಗ್ರಂಥಾಲಯವನ್ನು ಯಾರೂ ಮುಟ್ಟಬಾರದು. ಕಂಸದೊಳಗೆ, ಕೆಮ್ಮು." ಸ್ವಲ್ಪ ನಿಲ್ಲಿಸಿ, "ಬಾರದು ಬರೆಯೋ ಗೆರೆ ಬೇರೆ, ಬಹುದು ಬರೆಯೋ ಗೆರೆ ಬೇರೆ. ಇದು ಬಾರದು" ಎಂದರು.

ವಿರೋಧ ಪಕ್ಷದ ನಾಯಕರು ಮೇಜು ಕುಟ್ಟಿ ಎದ್ದರು. ಮೇಡಂ ಕೈ ಎತ್ತಿ ತಡೆದರು. "ಇನ್ನೂ ಇದೆ. ವಿರೋಧ ಪಕ್ಷದ ನಾಯಕರು: ಹಳೇ ಪುಸ್ತಕ ಈಗ ಯಾರ್ರೀ ಓದ್ತಾರೆ, ಎಲ್ಲ ಫೋನಲ್ಲೇ ಸಿಗುತ್ತೆ, ಕೆಡವಿ ಹಾಕಿ."

ಮೇಜು ಕುಟ್ಟಿದ ಕೈ ಮೇಜಿನ ಮೇಲೇ ಉಳಿಯಿತು. ಒಂದು ಕ್ಷಣ ಕ್ಯಾಮೆರಾಗಳಿಗೂ ಯಾರ ಮುಖ ತೋರಿಸಬೇಕೆಂದು ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಲಿಪಿಯಕ್ಕನ ಗಂಡ ಬಸ್ಸಿನ ಸಮವಸ್ತ್ರದಲ್ಲೇ ಬಂದು ನಿಂತಿದ್ದ. ಅವನ ಪಕ್ಕದಲ್ಲಿ ಅವನಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನಾದಿನಿ.

ಬೆವರು ಒರೆಸಿಕೊಂಡ ಅಧ್ಯಕ್ಷರು, ಐದೇ ನಿಮಿಷದಲ್ಲಿ, ಗ್ರಂಥಾಲಯ ಉಳಿಸಿದವನು ನಾನೇ ಎಂದು ಮೈಕಿನಲ್ಲಿ ಸಾರಿದರು. ಊರಿಗೆ ಬೇಕಾದದ್ದು ಸಿಕ್ಕಿತ್ತು, ಹೋಗಲಿ ಬಿಡು ಎಂದುಕೊಂಡಿತು. ಅದೇ ಮಧ್ಯಾಹ್ನ ನೋಟಿಸು ಕಿತ್ತು ಬಂತು.

ಹೊರಗೆ ಟೀವಿಯವರು ಲಿಪಿಯಕ್ಕನನ್ನು ಮುತ್ತಿಕೊಂಡರು. ಹತ್ತು ಸೆಕೆಂಡಿನಲ್ಲಿ ಹೇಗನಿಸುತ್ತಿದೆ ಹೇಳಿ ಎಂದರು. "ಹತ್ತು ಸೆಕೆಂಡಿಗೆ ಇಪ್ಪತ್ತು ಪದ ಹಿಡಿಯುತ್ತೆ. ಅಷ್ಟು ಹೇಳೋಕೆ ನನಗೆ ಅಭ್ಯಾಸ ಇಲ್ಲ" ಎಂದಳು. ಮೇಡಂ ಮೆಟ್ಟಿಲ ಕೆಳಗೆ ಕಾಯುತ್ತಿದ್ದರು.

"ನಾಲ್ಕನೇ ಪುಟದಲ್ಲಿ ಎರಡು ಗೆರೆ ಸೋಮಾರಿಯಾಗಿವೆ" ಎಂದರು. ಆಮೇಲೆ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಯಂತ್ರ ಈಗಲೂ ಇದೆ. ಅದು ಬರೆದದ್ದಕ್ಕೆ ಲಿಪಿಯಕ್ಕ ಓದಿ ಸಹಿ ಹಾಕಿದ ಮೇಲೆಯೇ ಸೀಲು ಬೀಳಬೇಕೆಂದು ನಿರ್ಣಯವಾಗಿದೆ. ಆ ನಿರ್ಣಯವನ್ನು ಯಂತ್ರ ಮೊದಲ ಸಲಕ್ಕೇ ಸರಿಯಾಗಿ ಬರೆಯಿತಂತೆ.

ಆ ಸಭೆಯ ಮರುತಿಂಗಳು ಗ್ರಂಥಾಲಯದ ಓದುಕೋಣೆಯಲ್ಲಿ ಶನಿವಾರ ಸಂಜೆ ಶೀಘ್ರಲಿಪಿ ತರಗತಿ ಶುರುವಾಯಿತು. ಐದಾರು ಜನ ಬಂದಾರೆಂದು ಕುರ್ಚಿ ಹಾಕಿದ್ದರು. ಬಂದವರು ಮೂವತ್ತೊಂದು. ಒಬ್ಬ ವರದಿಗಾರ, ಇಬ್ಬರು ವಕೀಲರು, ಉಳಿದವರು ಹೆಚ್ಚಾಗಿ ಕಾಲೇಜಿನವರು. "ಫೋನ್ ಕಿತ್ಕೊಂಡ್ರೂ ಕ್ಲಾಸಲ್ಲಿ ಗುಟ್ಟಾಗಿ ಚೀಟಿ ಬರೀಬಹುದಲ್ಲ" ಎಂದು ಅವರೊಳಗೊಬ್ಬಳು ಪಿಸುಗುಟ್ಟಿದಳು. ಮೇಡಂ ಕಿವಿ ಇನ್ನೂ ಚುರುಕು, ಕೇಳಿಸಿಕೊಂಡು ಅವಳ ಪೆನ್ಸಿಲನ್ನು ಇನ್ನಷ್ಟು ಚೂಪು ಮಾಡಿಕೊಟ್ಟರು. ಲಿಪಿಯಕ್ಕ ಬಳಪ ಹಿಡಿದು ಹಲಗೆಯ ಮೇಲೆ ಮೊದಲ ಗೆರೆ ಎಳೆದಳು. ಮೂವತ್ತೊಂದು ಪೆನ್ಸಿಲ್ ಒಟ್ಟಿಗೆ ಹಾಳೆಗೆ ಇಳಿದವು.