ಮೂರಕ್ಕೋ, ಮನೆಗೋ

ಲಿಂಗಸುಗೂರಿಗೆ ಬಂದಿಳಿದ ದಿನ, ನನ್ನ ಕೈಯಲ್ಲಿದ್ದ ಹರಿದ ಲಕೋಟೆಯನ್ನು ನೋಡಿ ಪ್ರೌಢಶಾಲೆಯ ಜವಾನ, "ಅದನ್ನ ಒಗದು ಬಿಡ್ರಿ ಸರ" ಎಂದ. ಲಕೋಟೆಯನ್ನು ಯಾರಾದರೂ ಒಗೆಯುತ್ತಾರೆಯೇ? ನಂಜನಗೂಡಿನಲ್ಲಿ ನಾವು ಒಗೆಯುವುದು ಬಟ್ಟೆಯನ್ನು, ಕಪಿಲೆಯ ಕಲ್ಲಿನ ಮೇಲೆ. "ನೀರಿನಲ್ಲಾ?" ಎಂದು ಕೇಳಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಲಕೋಟೆಯನ್ನು ತಾನೇ ತೆಗೆದುಕೊಂಡು ಕಿಟಕಿಯಾಚೆ ಎಸೆದ. ಇಲ್ಲಿ ಒಗೆಯುವುದೆಂದರೆ ಎಸೆಯುವುದೂ ಹೌದು. ಮೈಸೂರಿನಿಂದ ಕನ್ನಡ ಕಲಿಸಲು ಬಂದ ಮಾಸ್ತರನಿಗೆ ಕನ್ನಡ ಬರುವುದಿಲ್ಲ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ತಿರುಗಿತ್ತು.

ನಿಜಾಮರ ಆಳ್ವಿಕೆ ಮುಗಿದು ಎರಡು ವರ್ಷವಾಗಿತ್ತು. ಅಲ್ಲಿಯತನಕ ಉರ್ದುವಿನಲ್ಲಿ ನಡೆದಿದ್ದ ಪಾಠಗಳು ಕನ್ನಡಕ್ಕೆ ತಿರುಗುತ್ತಿದ್ದವು. ಕಲಿಸುವವರು ಸಾಲದೆ ನಮ್ಮ ಸೀಮೆಯವರನ್ನು ಕರೆಸಿಕೊಂಡಿದ್ದರು. ನನ್ನದು ವ್ಯಾಯಾಮದ ಕೆಲಸ, ಜೊತೆಗೆ ಕನ್ನಡದ ಎರಡು ತರಗತಿ. ಕೆಲಸ ಖಾಯಂ ಆಗಿರಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ, ಆದರೆ ಮುಂದೆ ನಾನು ನಡೆದುಕೊಂಡ ರೀತಿಗೆ ಇದೂ ಒಂದು ಕಾರಣ.

ಬಾಡಿಗೆಗೆ ಕೋಣೆ ಹುಡುಕಿಕೊಂಡು ಹೋದ ಮೂರು ಮನೆಗಳಲ್ಲೂ ಮೊದಲ ಪ್ರಶ್ನೆ ಒಂದೇ: "ಯಾವ ಪೈಕಿ ರೀ?" ಜಾತಿ ಹೇಳಿದ ಮೇಲೆ ಎರಡು ಕಡೆ ಕೋಣೆ ಇಲ್ಲವಾಯಿತು. ಮೂರನೆಯ ಕಡೆ ಒಂಟಿ ಗಂಡಸಿಗೆ ಕೊಡುವುದಿಲ್ಲ ಎಂದರು. ಕೊನೆಗೆ ದರ್ಜಿ ಮೌಲಾಸಾಬರು ತಮ್ಮ ಅಂಗಡಿಯ ಹಿಂದಿನ ಕೋಣೆಯನ್ನು ತೋರಿಸಿ, "ಬಾವಿ ನೀರು ಸವಳ ಅದಾವ್ರಿ. ಅದಕ್ಕ ತಯಾರಿದ್ರ ಬರ್ರಿ" ಎಂದರು. ಬೇರೇನೂ ಕೇಳಲಿಲ್ಲ. ಸವಳು ಎಂದರೆ ಉಪ್ಪು ನೀರು. ಕಪಿಲೆಯ ನೀರು ಕುಡಿದು ಬೆಳೆದ ನಾನು ಮೊದಲ ವಾರ ಹೊಟ್ಟೆ ಹಿಡಿದುಕೊಂಡೇ ಪಾಠ ಮಾಡಿದೆ.

ಊಟ ಸಂಗಮ್ಮನವರ ಖಾನಾವಳಿಯಲ್ಲಿ. ಮುದ್ದೆ ನುಂಗಿ ಅಭ್ಯಾಸವಿದ್ದ ಗಂಟಲಿಗೆ ಜೋಳದ ರೊಟ್ಟಿ ಇಳಿಯುತ್ತಿರಲಿಲ್ಲ. "ಅಗೀರಿ ಮಾಸ್ತರ, ಹಲ್ಲು ಯಾಕ ಕೊಟ್ಟಾನ ದೇವ್ರು?" ಎನ್ನುತ್ತ ಸಂಗಮ್ಮ ಪುಂಡಿಪಲ್ಯದ ಮೇಲೆ ಎಣ್ಣೆ ಸುರಿಯುತ್ತಿದ್ದರು. ಪುಂಡಿ ಹುಳಿ ಸೊಪ್ಪು. ಒಂದು ತಿಂಗಳಲ್ಲಿ ಅದಿಲ್ಲದೆ ಊಟ ಸೇರದಂತಾಯಿತು. ಅಣ್ಣನಿಗೆ ಬರೆದ ಕಾಗದದಲ್ಲಿ ಮಾತ್ರ ಅದನ್ನು ಒಪ್ಪಿಕೊಳ್ಳಲಿಲ್ಲ.

ಮದರಾಸಿನ ವ್ಯಾಯಾಮ ಕಾಲೇಜಿನಲ್ಲಿ ನಾನು ಕಲಿತ ಆಟಗಳಲ್ಲಿ ಬೇಸ್‌ಬಾಲ್ ಒಂದು. ಹಿಂದೆ ದಂಡು ಬೀಡುಬಿಟ್ಟಿದ್ದ ಛಾವಣಿಯ ಬಯಲು ಖಾಲಿ ಇತ್ತು. ಮಸ್ಕಿಯ ಬಡಿಗರೊಬ್ಬರು ದಾಂಡು ಕಡೆದುಕೊಟ್ಟರು. ಮೌಲಾಸಾಬರು ಹಳೆಯ ಕಂಬಳಿ, ಕ್ಯಾನ್ವಾಸು ಸೇರಿಸಿ ಚೆಂಡು ಹಿಡಿಯಲು ಕೈಗವಸುಗಳನ್ನು ಹೊಲಿದರು. ಆಗ ಮೇಲಿನ ತರಗತಿಗಳಲ್ಲಿ ಮೀಸೆ ಬಂದ, ಮದುವೆಯೂ ಆದ ವಿದ್ಯಾರ್ಥಿಗಳಿದ್ದರು. ಮೌಲಾಸಾಬರ ಮಗ ಖಾಜಾ ಅಂಥವನು, ಹತ್ತೊಂಬತ್ತರವನು.

ಆಟ ಕಷ್ಟದ್ದಲ್ಲ. ಮೂರು ಠಾಣೆ, ಒಂದು ಮನೆ. ಚೆಂಡನ್ನು ಹೊಡೆದವನು ಮನೆಯಿಂದ ಹೊರಟು ಒಂದು, ಎರಡು, ಮೂರನೆಯ ಠಾಣೆಗಳನ್ನು ಮುಟ್ಟಿ ಮನೆಗೆ ಮರಳಿದರೆ ಒಂದು ಓಟ. ಓಟಗಾರ ಒಬ್ಬನೇ ಇದ್ದರೆ ಕಾಯುವುದು ಸುಲಭ. ಮೂರು ಠಾಣೆಗಳಲ್ಲೂ ಓಟಗಾರರು ತುಂಬಿದಾಗ ಹೊಡೆತ ಬಿದ್ದ ಕೂಡಲೇ ನಾಲ್ಕು ಜನ ಒಟ್ಟಿಗೆ ಓಡುತ್ತಾರೆ. ಆಗ ಮನೆಗೆ ಬರುವವನಿಗಿಂತ ಮೊದಲು ಚೆಂಡು ಮನೆ ಮುಟ್ಟಿದರೆ ಸಾಕು, ಅವನು ಔಟು. ಅಲ್ಲಿಂದ ಒಂದನೆಯ ಠಾಣೆಗೆ ಎಸೆದರೆ ಇನ್ನೊಬ್ಬನೂ ಔಟು. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಆದರೆ ನೆಲದ ಮೇಲೆ ಉರುಳಿ ಬರುವ ಚೆಂಡಿಗೆ ಬಗ್ಗಿದವನಿಗೆ ಓಟಗಾರರು ಕಾಣುವುದಿಲ್ಲ. ಎಲ್ಲಿಗೆ ಎಸೆಯಬೇಕೆಂದು ಒಬ್ಬನೇ ಒಬ್ಬ ಕೂಗಬೇಕು. ಇಬ್ಬರು ಕೂಗಿದರೆ ಕೆಟ್ಟಿತು.

ಆ ಒಬ್ಬ ಖಾಜಾ. ಎರಡನೆಯ ಮತ್ತು ಮೂರನೆಯ ಠಾಣೆಗಳ ನಡುವೆ ನಿಂತು ನಾಲ್ವರನ್ನೂ ಒಂದೇ ನೋಟದಲ್ಲಿ ಅಳೆಯುತ್ತಿದ್ದ. "ಪೈಲಾ", "ದೂಸ್ರಾ", "ತೀಸ್ರಾ", "ಘರ್" ಎಂದು ಅವನು ಕೂಗಿದರೆ ಚೆಂಡು ಅಲ್ಲಿಗೆ ಹೋಗುತ್ತಿತ್ತು. ತನ್ನ ಕೈಗೇ ಚೆಂಡು ಬಂದಾಗ ತಾನೇ ತೀರ್ಮಾನಿಸುತ್ತಿದ್ದ. ಯಾರೂ ಅವನಿಗೆ ಉರ್ದುವಿನಲ್ಲಿ ಕೂಗೆಂದು ಹೇಳಿರಲಿಲ್ಲ. ಎರಡು ವರ್ಷದ ಹಿಂದಿನವರೆಗೆ ಅವರೆಲ್ಲ ಲೆಕ್ಕ ಕಲಿತದ್ದೇ ಆ ಭಾಷೆಯಲ್ಲಿ. ಲಿಂಗಾಯತರ ಅಮರೇಶನಿಗೂ ಅವಸರದಲ್ಲಿ ಬಾಯಿಗೆ ಬರುತ್ತಿದ್ದ ಅಂಕಿಗಳು ಅವೇ. ನಾನೊಬ್ಬನೇ ಅಲ್ಲಿ ಪರದೇಶಿ. ಆದರೂ ಆ ಬಯಲಿನಲ್ಲಿ ನಿಂತಾಗ ಮೊದಲ ಬಾರಿಗೆ ಒಂಟಿಯೆನಿಸಲಿಲ್ಲ.

ಸಿಂಧನೂರಿನಲ್ಲಿ ರಾಯಚೂರಿನ ತಂಡದೊಡನೆ ಪಂದ್ಯ ಗೊತ್ತಾಯಿತು. ನಾಲ್ಕು ದಿನ ಮೊದಲು ಶಾಲಾ ಸಮಿತಿಯ ಹಿರಿಯ ಗೌಡರು ಬಯಲಿಗೆ ಬಂದು, ಸ್ವಲ್ಪ ಹೊತ್ತು ನೋಡಿ, ನನ್ನನ್ನು ಬದಿಗೆ ಕರೆದರು.

"ನಿಮ್ಮನ್ನ ಮೈಸೂರಿಂದ ಕರಸಿದ್ದು ಯಾಕ್ರಿ ಮಾಸ್ತರ? ಕನ್ನಡ ಕಲಸಾಕ. ಇಲ್ಲಿ ನೋಡಿದ್ರ ಇನ್ನೂ ತೀಸ್ರಾ, ಘರ್ ನಡಸ್ಯಾರ. ಸಿಂಧನೂರಾಗ ನಾಕು ಮಂದಿ ಮುಂದ ಈ ಮಾತು ಕೇಳಬಾರದು. ಆ ಖಾಜಾ ಕೂಗೂದು ಬ್ಯಾಡ. ಅಮರೇಶ ಕೂಗಲಿ."

"ಗೌಡರೇ, ಅವನಷ್ಟು ಬೇಗ ಇನ್ಯಾರೂ..."

"ನಿಮ್ಮ ನೌಕರಿ ಕಾಗದ ಇನ್ನೂ ನಮ್ಮ ಸಮಿತಿ ಮುಂದ ಬರಬೇಕಲ್ರಿ" ಎಂದು ನಕ್ಕರು.

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನಾಡಿನ ನುಡಿ, ಹೊಸ ಕಾಲ ಎಂದು ಹುಡುಗರ ಮುಂದೆ ಭಾಷಣವನ್ನೂ ಮಾಡಿದೆ. ಇನ್ನು ಮುಂದೆ ಒಂದು, ಎರಡು, ಮೂರು, ಮನೆ. ಕೂಗುವವನು ಅಮರೇಶ. ಯಾರ ಕೈಗೆ ಚೆಂಡು ಬಂದರೂ ಅವನ ಮಾತೇ ಕೊನೆ.

"ಸರ, ಅವನಷ್ಟು ಲಗೂನ ನನಗ ಕಾಣಂಗಿಲ್ರಿ" ಎಂದ ಅಮರೇಶ.

ಖಾಜಾ ಕೈಗವಸಿನ ದಾರ ಬಿಗಿದುಕೊಳ್ಳುತ್ತಾ, "ಆತ್ರಿ ಸರ" ಎಂದಷ್ಟೇ ಹೇಳಿದ.

ಸಿಂಧನೂರಿನ ಬಯಲಿನ ಸುತ್ತ ಕಾಲುವೆ ತೋಡುವ ಕೆಲಸಗಾರರು ತುಂಬಿಕೊಂಡಿದ್ದರು. ತೆಲುಗಿನಲ್ಲಿ, ಕನ್ನಡದಲ್ಲಿ ಸಿಳ್ಳೆಯ ನಡುವೆ ಕೂಗಾಟ. ಕೊನೆಯ ಸರದಿ ರಾಯಚೂರಿನವರದು. ನಾವು ಒಂದೇ ಓಟ ಮುಂದಿದ್ದೆವು. ಒಬ್ಬ ಔಟಾಗಿದ್ದ, ಮೂರು ಠಾಣೆಗಳೂ ತುಂಬಿದ್ದವು. ಇದೇ ಸನ್ನಿವೇಶವನ್ನು ನಾವು ನೂರು ಸಲ ಆಡಿದ್ದೆವು. ಚೆಂಡು ನೆಲಕಚ್ಚಿ ನೇರವಾಗಿ ಖಾಜಾನ ಕಡೆ ಬಂತು. ಅವನು ಹಿಡಿದ. ತೋಳು ಮನೆಯ ಕಡೆ ಎದ್ದಿತ್ತು, ನಾನು ಕಣ್ಣಾರೆ ನೋಡಿದೆ. ಅಮರೇಶ ಕೂಗಿದ. ಆ ಗದ್ದಲದಲ್ಲಿ ಕೇಳಿಸಿದ್ದು "ಮ" ಎಂಬುದೊಂದೇ. ಮೂರೋ, ಮನೆಯೋ? ಕೂಗಿದಂತೆ ಎಸೆಯಬೇಕು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ಖಾಜಾ ತಿರುಗಿ ಮೂರನೆಯ ಠಾಣೆಗೆ ಎಸೆದ. ಅಲ್ಲಿ ಕಾಯುತ್ತಿದ್ದ ನಮ್ಮ ಹುಡುಗ, ಚೆಂಡು ಮನೆಗೇ ಹೋಗುತ್ತದೆಂದುಕೊಂಡು, ಮನೆಯ ಬೆನ್ನಿಗೆ ನಿಲ್ಲಲು ಆಗಲೇ ಜಾಗ ಬಿಟ್ಟು ಓಡಿದ್ದ. ಚೆಂಡು ಖಾಲಿ ಠಾಣೆಯನ್ನು ದಾಟಿ ಜನರ ಕಾಲಡಿಯಲ್ಲಿ ಹೋಯಿತು. ಇಬ್ಬರು ಮನೆ ಮುಟ್ಟಿದರು. ನಾವು ಸೋತೆವು.

ತೀಸ್ರಾ, ಘರ್. ಎಷ್ಟೇ ಗದ್ದಲವಿದ್ದರೂ ಒಂದು ಇನ್ನೊಂದರಂತೆ ಕೇಳುವುದಿಲ್ಲ. ಮೂರು, ಮನೆ ಎರಡೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ವ್ಯಾಯಾಮದಲ್ಲೂ ಕನ್ನಡದಲ್ಲೂ ಪಾಸಾದ ನನಗೆ ಇದು ಹೊಳೆಯಲಿಲ್ಲ. ಹೊಳೆಯುವಷ್ಟು ಯೋಚಿಸಲೇ ಇಲ್ಲ, ಹೆದರಿದ್ದೆ.

ಗೌಡರು ಬಯಲೊಳಗೆ ನಡೆದು ಬಂದರು. "ಬೇಕಂತನ ಖಾಲಿ ಜಾಗಕ್ಕ ಒಗದಾನ" ಎಂದರು, ನಾಲ್ಕು ಜನಕ್ಕೆ ಕೇಳುವಂತೆ. "ಇವರ ಬುದ್ಧಿನ ಹಿಂಗ."

"ಇಲ್ರಿ, ನಾ ಕೂಗಿದ್ದಕ್ಕ ಒಗದಾನ್ರಿ ಅಂವ" ಎಂದ ಅಮರೇಶ.

"ನೀ ಸುಮ್ಕಿರಲೇ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದ್ದು: "ಆಟದಲ್ಲಿ ಸೋಲು ಗೆಲುವು ಇದ್ದದ್ದೇ." ಗೌಡರ ಮೇಲಿನ ಸಿಟ್ಟು ಈಗ ಅಷ್ಟಿಲ್ಲ. ಈ ಒಂದು ವಾಕ್ಯದ ಮೇಲಿನ ಸಿಟ್ಟು ಮಾತ್ರ ಐದಾರು ವರ್ಷವಾದರೂ ಆರಿಲ್ಲ.

ಮರುದಿನ ಬೆಳಿಗ್ಗೆ ಬಾವಿಯ ಬಳಿ ಖಾಜಾ ಸಿಕ್ಕಿದ. ನಾನು ಕೊಡ ಇಟ್ಟು, "ನನ್ನದು ತಪ್ಪಾಯಿತು" ಎಂದೆ.

"ನಿನ್ನೆ ಹೇಳಬೇಕಿತ್ರಿ" ಎಂದ. ದನಿ ಏರಿಸಲಿಲ್ಲ. "ನಾ ಇಲ್ಲೇ ಹುಟ್ಟೀನಿ. ನಮ್ಮಪ್ಪ, ನಮ್ಮಜ್ಜ ಇಲ್ಲೇ ಹುಟ್ಟ್ಯಾರ. ನೀವು ಬಂದು ಒಂದು ವರ್ಷ ಆಗಿಲ್ಲ. ನನ್ನ ಬಾಯಾಗಿನ ಮಾತು ಹೊರಗಿಂದಾತು, ನಿಮ್ಮದು ಊರಿಂದಾತು. ಇದ್ಯಾವ ನ್ಯಾಯ್ರಿ? ನಿಮಗ ಇಲ್ಲಿ ಸಾಕಾದ್ರ ಹೋಗಾಕ ಒಂದು ಊರೈತಿ. ನಾ ಎಲ್ಲಿಗಿ ಹೋಗ್ಲಿ?"

ಅವತ್ತೇ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟೆ: ಪಂದ್ಯ ಸೋತದ್ದು ಖಾಜಾನಿಂದಲ್ಲ, ಸಮಿತಿಯವರು ಕೂಗು ಬದಲಿಸಿದ್ದರಿಂದ, ನಾನು ಅದಕ್ಕೆ ತಲೆಬಾಗಿದ್ದರಿಂದ. ಅವರು ಓದಿ, "ಇದನ್ನ ಹರಿದು ಹಾಕ್ರಿ, ನಿಮಗ ಚಲೋದು" ಎಂದರು. ಹರಿಯಲಿಲ್ಲ. ತಿಂಗಳೊಳಗೆ ನನ್ನನ್ನು ಮಸ್ಕಿಯ ಶಾಲೆಗೆ ಎತ್ತಿಹಾಕಿದರು. ಖಾಜಾ ಅಷ್ಟರಲ್ಲಿ ಶಾಲೆ ಬಿಟ್ಟು ತಂದೆಯ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ. ನಾನು ಹೊರಡುವ ದಿನ ಮೌಲಾಸಾಬರು ಬಸ್ಸಿನತನಕ ಬಂದರು. ಅವನು ಬರಲಿಲ್ಲ.

ಮಸ್ಕಿಯಲ್ಲಿ ಮತ್ತೆ ತಂಡ ಕಟ್ಟಿದೆ. ಯಾರ ಬಾಯಿಗೆ ಯಾವುದು ಮೊದಲು ಬರುತ್ತದೋ ಅದನ್ನೇ ಕೂಗಿ ಎಂದೆ. ಮೇಲಿನಿಂದ ಎರಡು ಸಲ ಪ್ರಶ್ನೆ ಬಂತು, ಎರಡು ಸಲವೂ ಅದೇ ಉತ್ತರ ಕೊಟ್ಟೆ. ಬಸ್ಸಿನವರ ಕೈಯಲ್ಲಿ ಖಾಜಾನಿಗೆ ಹೇಳಿ ಕಳಿಸಿದೆ, ನಡುವಿನ ಜಾಗ ಹೇಗೆ ಕಾಯಬೇಕೆಂದು ಇವರಿಗೆ ನೀನೇ ತೋರಿಸಬೇಕು ಎಂದು. ಎರಡು ತಿಂಗಳ ಮೇಲೆ ಒಂದು ಭಾನುವಾರ ಬಂದ. ಒಂದು ತಾಸು ಹುಡುಗರ ಬೆವರಿಳಿಸಿದ. "ಚೆಂಡು ಬರೂಕ್ಕಿಂತ ಮೊದ್ಲ ಎಲ್ಲಿ ಒಗೀಬೇಕಂತ ತಿಳ್ಕೊಂಡಿರ್ರಿ. ಬಂದಮ್ಯಾಲ ಯೋಚನಿ ಮಾಡಾಕ ಹೊತ್ತಿರಂಗಿಲ್ಲ" ಎಂದ. ಚಹಾಕ್ಕೆ ಕರೆದರೆ, "ಬ್ಯಾಡ್ರಿ" ಎಂದು ಬಸ್ಸು ಹತ್ತಿದ. ಮುಂದಿನ ಭಾನುವಾರವೂ ಬಂದ. ನನ್ನ ಕೋಣೆಯಲ್ಲಿ ಕುಳಿತು ಚಹಾ ಕುಡಿದದ್ದು ಆರನೆಯ ವಾರ. ಆಗಲೂ ಸಿಂಧನೂರಿನ ಮಾತು ನಾವಿಬ್ಬರೂ ಎತ್ತಲಿಲ್ಲ.

ಈಗ ನಿಜಾಮರ ಸೀಮೆ, ಮೈಸೂರು ಸೀಮೆ ಎಲ್ಲ ಸೇರಿ ಒಂದೇ ರಾಜ್ಯವಾಗಿದೆ. ಇನ್ನು ಮೈಸೂರಿನ ಕಡೆಗೆ ವರ್ಗ ಕೇಳಬಹುದೆಂದು ಅಣ್ಣ ಬರೆದಿದ್ದ. ಆ ವಿಷಯ ಮಾತಾಡಲೆಂದೇ ಮೊನ್ನೆ ನಂಜನಗೂಡಿಗೆ ಹೋದೆ. ಅತ್ತಿಗೆ ಮುದ್ದೆ, ಬಸ್ಸಾರು ಬಡಿಸಿದರು. ಪಕ್ಕದ ಮನೆಯ ಮೇಷ್ಟ್ರು ಬಂದು ಕುಳಿತು, "ಆ ಕಡೆಯವರದು ಕನ್ನಡಾನೇ ಅಲ್ಲ ಬಿಡಿ, ಅರ್ಧ ತುರುಕ ಭಾಷೆ. ಇನ್ನು ನಾವೇ ತಿದ್ದಬೇಕು" ಎಂದರು.

ಮೈಯೆಲ್ಲ ಉರಿದುಹೋಯಿತು. "ತಿದ್ದೋಕೆ ನೀವ್ಯಾರು? ನಮ್ಮ ಕಡೆ ಜನಕ್ಕೆ ಮಾತಾಡೋದನ್ನ ಯಾರೂ ಕಲಿಸಬೇಕಾಗಿಲ್ಲ" ಎಂದೆ. ಮೇಷ್ಟ್ರು ಎದ್ದು ಹೋದರು.

ಅಣ್ಣ ಕೈ ತೊಳೆದುಕೊಂಡು ಬಂದು, ಮೆಲ್ಲಗೆ ಕೇಳಿದ: "ನಮ್ಮ ಕಡೆ ಅಂದ್ಯಲ್ಲ. ಯಾವುದಪ್ಪ ನಿನ್ನ ಕಡೆ?"

ಸಿಟ್ಟು ಇನ್ನೂ ಹಾಗೇ ಇತ್ತು. ಊರಿನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ.